ಯಾರ ಮನೆಯ ಅನ್ನ

ಮೊಣಕಾಲು ನೋವೆಂದು ಪ್ರಭುದೇಸಾಯಿ ಟೀಚರು
ತಮ್ಮ ಜಾಗಕ್ಕೆ ನನ್ನನ್ನು ದಾಟಿಸಿದರು.
'ದುಡ್ಡು ಕಟ್ಟಿಯಾಗಿದೆ, ಭಂಡಾರಿ,
ಒಂದು ದಿನ ನೀನಿಲ್ಲದಿದ್ದರೆ ಗೋರೆಗಾಂವ್ ಉಪವಾಸ ಬೀಳುವುದಿಲ್ಲ.'

ಹಾಗೆ, ದಸರೆ ಕಳೆದ ರವಿವಾರ,
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ಇಡ್ಲಿ ಬೇಯದ ಒಂದು ಆರೂವರೆ ಗಂಟೆಯನ್ನು ಕಂಡೆ,
ಬೋರಿವಲಿಯ ಪಾರ್ಕಿನ ಗೇಟಿನ ಮುಂದೆ.

ಒಂಬತ್ತು ಮಂದಿ ನಾವು. ಎಂಟು ಕೊರಳಲ್ಲಿ ದುರ್ಬೀನು,
ನನ್ನ ಕೊರಳಲ್ಲಿ, ಅಭ್ಯಾಸಬಲ, ಬೆವರೊರೆಸುವ ಪಂಚೆತುಂಡು.
ದಾರಿ ತೋರಲು ನವಶ್ಯಾ ಬರಾಫ್, ಇದೇ ಕಾಡಿನ ಪಾಡಾದಲ್ಲಿ ಹುಟ್ಟಿದವ.
ನಿಯಮ ಹೇಳಿದ: ಕೆಂಪು ಬೇಡ, ಮಾತು ಬೇಡ, ಸೆಂಟು ಬೇಡ.
ನಾನು ಅಂಗಿಯ ತೋಳು ಮೂಸಿಕೊಂಡೆ.
ಎರಡು ಸಲ ಒಗೆದರೂ ಇಂಗು.

ಮಳೆ ಹೋಗಿ ಹನ್ನೆರಡು ದಿನ.
ಹುಲ್ಲು ಎದೆಯೆತ್ತರ, ತುದಿ ಮಾತ್ರ ಹುರಿದ ರವೆಯ ಬಣ್ಣ.
ತೊರೆ ಇನ್ನೂ ಹರಿಯುತ್ತಿದೆ
ಕಡೆಯ ಪಂಕ್ತಿಗೆ ಬಡಿಸುವ ಸಾರಿನಂತೆ, ತೆಳ್ಳಗೆ.
ಎರಡು ಮರಗಳ ನಡುವೆ ಅಂಗೈಯಗಲದ ಜೇಡ;
ಹೋರ್ಮಝ್ ದಾದಾಚಂಜಿ, ಎಪ್ಪತ್ತನಾಲ್ಕು ದಾಟಿದವರು,
ಅದಕ್ಕೆ ಟೋಪಿ ತೆಗೆದು, ಬಾಗಿ, ಅಡಿಯಲ್ಲಿ ನುಸುಳಿದರು.

ಎಲ್ಲರೂ ಬಂದದ್ದು ಅದಕ್ಕೇ. ಯಾರೂ ಹೆಸರೆತ್ತಲಿಲ್ಲ.
ಕೆಸರಲ್ಲಿ ಹೆಜ್ಜೆ ಹುಡುಕಿದರು. ಸಿಕ್ಕಿತು: ನಾಯಿಯದು.
ಜಿಂಕೆ ಕಂಡಿತು, ಚಿಪ್ಸಿನ ಖಾಲಿ ಚೀಟು ನೆಕ್ಕುತ್ತ.
ಮರದ ತುದಿಯಲ್ಲಿ ಮುಸುವ ಕೆಮ್ಮಿತು,
ಎಂಟು ದುರ್ಬೀನು ಒಟ್ಟಿಗೆ ಏರಿದವು.
ಮುಸುವ ಸುಮ್ಮನೆ ಕೆಮ್ಮಿತ್ತು.

ಹನ್ನೊಂದಕ್ಕೆ ಬಿಸಿಲು ಅಸಲು ಮುಖ ತೋರಿಸಿತು, ಅಕ್ಟೋಬರಿನದು.
ಕ್ಷಿತಿಜಾ ಎಂಬ ಹುಡುಗಿ ಕಲ್ಲಿನ ಮೇಲೆ ಕುಕ್ಕರಿಸಿ
'ಇದಕ್ಕಿಂತ ರಾಣಿಬಾಗಿಗೆ ಹೋಗಬಹುದಿತ್ತು' ಅಂದಳು.

ಆಗ ಬಂತು.
ಗಾಳಿಯಲ್ಲಲ್ಲ, ಗಾಳಿ ಇರಲಿಲ್ಲ.
ಕಾರ್ವಿ ಪೊದೆಯ ಬುಡದಿಂದ, ಮೊಣಕಾಲೆತ್ತರದಲ್ಲಿ,
ಬಾಸುಮತಿ.
ಹಸಿಯದಲ್ಲ, ತಂಗಳಲ್ಲ,
ಎಸರಿಗೆ ಬಿದ್ದು ಎಂಟನೆಯ ನಿಮಿಷ
ಮುಚ್ಚಳ ಸರಿಸಿದಾಗ ಮುಖಕ್ಕೆ ಹೊಡೆಯುವ ಆ ಮೊದಲ ಹಬೆ.

ನಿಂತೆ. ಕೈ ತಾನಾಗಿ ಉರಿ ಇಳಿಸಲು ಹೋಯಿತು.
ನವಶ್ಯಾನಿಗೆ ಕೇಳಿದೆ, ನನ್ನ ಹೋಟೆಲ್ ಮರಾಠಿಯಲ್ಲಿ:
ಇಲ್ಲಿ ಯಾರ ಮನೆ? ಅನ್ನಕ್ಕಿಟ್ಟಿದ್ದಾರಲ್ಲ.

ಅವನು ನನ್ನ ಮುಖ ನೋಡಿದ, ಮೊದಲ ಸಲ, ಸರಿಯಾಗಿ.
ಚಪ್ಪಲಿ ಕಳಚಿ ಎರಡು ಹೆಜ್ಜೆ ಒಳಗೆ ಹೋಗಿ
ಎಲೆಯೊಂದರ ಬೆನ್ನು ಮುಟ್ಟಿದ.
ಒದ್ದೆ.
ಬೆರಳು ಮೂಸಿ ನನ್ನತ್ತ ಚಾಚಿದ,
ಉಪ್ಪು ನೋಡೆಂದು ಸೌಟು ಚಾಚುವ ಹಾಗೆ.
'ಅವಳ ಮನೆ,' ಅಂದ. 'ಉಚ್ಚೆ ಹೊಯ್ದು ಗಡಿ ಬರೆದು ಹೋಗಿದ್ದಾಳೆ.
ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ.
ಹೋಗದೆಯೂ ಇರಬಹುದು.'

ದುರ್ಬೀನು ಇಳಿಬಿಟ್ಟು ಮೂಗೆತ್ತಿದರು.
ಇಬ್ಬರಿಗೆ ಸಿಕ್ಕಿತು, ಕ್ಷಿತಿಜಾಗೆ ಸಿಕ್ಕಂತಾಯಿತು.
ದಾದಾಚಂಜಿ, 'ನನ್ನ ಮೂಗು ಕೋವಿಡ್ಡಿನಲ್ಲಿ ಹೋಯಿತು' ಅಂದು
ನನ್ನ ಭುಜ ಹಿಡಿದು ಕಣ್ಣು ಮುಚ್ಚಿದರು: 'ಹೇಳು, ಹೇಗಿದ್ದಾಳೆ?'
ಹೇಳಿದೆ. ಅಕ್ಕಿಯ ವಯಸ್ಸು, ನೀರಿನ ಅಳತೆ, ಉರಿಯ ಹದ.
ನನಗೆ ಬರುವುದು ಅಷ್ಟೇ.

ಇಂಗು ಅವಳಿಗೂ ತಲುಪಿರಬೇಕು.
ಒಳಕೋಣೆಯ ಭಂಡಾರಿಯ ಮುಖ ಯಾವ ಗಿರಾಕಿ ನೋಡಿದ್ದಾನೆ?
ಮೂಗಿಗೆ ಬಂದರೆ, ಇದ್ದಾನೆ.

ಸೋಮವಾರ ಟೀಚರು ಕೋಲೂರಿಕೊಂಡು ಬಂದರು. ಕಂಡಿತೇ?
ಇಲ್ಲ, ಅಂದೆ.
ಅಯ್ಯೋ, ನಾನೂರು ರೂಪಾಯಿ, ಅಂದರು.

ಒಳಗೆ ಪುಲಾವಿನ ಅಕ್ಕಿ ಎಂಟನೆಯ ನಿಮಿಷಕ್ಕೆ ಬಂದಿತ್ತು.
ಮುಚ್ಚಳಕ್ಕೆ ಕೈ ಹಾಕಿದವ
ಒಮ್ಮೆ ಹಿಂದೆ ತಿರುಗಿ ನೋಡಿದೆ,
ಮೂಟೆಗಳ ಸಂದಿ, ಸಿಲಿಂಡರಿನ ನೆರಳು,
ಆಮೇಲೆ ತೆಗೆದೆ.