ವಿರೋಧದ ಚೀಟಿ

ಏಪ್ರಿಲ್ ಅಂದ್ರ ನಮ್ಮ ಶಹಾಬಾದದಾಗ
ಸಾಲಿ ಮುಂಜಾನೆ ಎಂಟಕ್ಕೇ ಸುರು.
ಹತ್ತೂವರೀಗೆ ಫರಶಿ ಚಾವಣಿ ಕಾದು
ರೊಟ್ಟಿ ಹಂಚು ಆಗ್ತದ.
ಗಂಟಿ ಅಂದ್ರ ಒಂದು ಗೇಣು ರೈಲಿನ ಹಳಿ,
ಹೊಡೆಯವ ನಾ, ಹುಸೇನಪ್ಪ.
ಮೊದಲು ಬೇವಿನ ಟೊಂಗಿಗೆ ತೂಗಿತ್ತು.
ರಸ್ತೆ ಅಗಲ ಮಾಡಿದಾಗ ಬೇವು ಹೋಯ್ತು,
ಹಳಿ ಉಳೀತು, ಕಬ್ಬಿಣದ ಕಂಬಕ್ಕ.
ಬಡಿಯೋ ಸರಳು ಹಿಡೀಬೇಕಂದ್ರ
ಟಾವೆಲ್ ಸುತ್ತಬೇಕು ಕೈಗೆ.

ಅವತ್ತು ಚರ್ಚಾ ಸ್ಪರ್ಧೆ. ಕರಿಹಲಗಿ ಮ್ಯಾಲ
‘ಹವಾಮಾನ ಬದಲಾಗಿದೆಯೇ?’
ಪ್ರಶ್ನೆಯ ಗುರುತು ಎಲ್ಲಾದಕ್ಕಿಂತ ದೊಡ್ಡದು,
ಕುಡುಗೋಲು ತೂಗಹಾಕಿದಂಗ.
ಬಹುಮಾನ ಸಿಮೆಂಟ್ ಕಾರ್ಖಾನಿಯವರದು,
ಅವರ ಸಾಹೇಬರೇ ನಿರ್ಣಾಯಕರು,
ಬಾಜೂಕ ವಿಜ್ಞಾನದ ಟೀಚರ್.
ಪರವೋ ವಿರೋಧವೋ ಮನಸಿಗೆ ಬಿಟ್ಟಿದ್ದಲ್ಲ,
ಡಬ್ಬಿಯಿಂದ ಚೀಟಿ ಎತ್ತಬೇಕು.
ಒಬ್ಬೊಬ್ಬರಿಗೆ ಮೂರು ಮಿನಿಟು.
ಮೂರಾದರ ನಾ ಹೊಡೀಬೇಕು.

ಪರದ ಚೀಟಿ ಎತ್ತಿದ ರೇವಣಸಿದ್ಧ
ಮೊಬೈಲಿನಾಗ ಓದಿದ್ದು ಬಾಯಿಪಾಠ ಮಾಡಿಕೊಂಡು ಬಂದಿದ್ದ:
ಉತ್ತರ ಧ್ರುವದಾಗ ಬರ್ಫ ಕರಗಲಿಕ್ಕತ್ತದ,
ಬಿಳಿ ಕರಡಿ ಉಪವಾಸ, ಸಮುದ್ರ ಏರಲಿಕ್ಕತ್ತದ.
ಹುಡುಗರು ಕಿಟಕಿ ಕಡೆ ನೋಡಿದರು.
ಖಣಿ ಧೂಳು ಏರಲಿಕ್ಕತ್ತಿತ್ತು.
ಸರಿಯಾಗಿ ಮೂರಕ್ಕ ಮುಗಿಸಿದ. ಟಣ್.

ಭಾಗ್ಯವಂತಿಗೆ ಬಂದಿದ್ದು ವಿರೋಧ.
ಚೀಟಿ ನೋಡಿ ತುಸು ಹೊತ್ತು ಸುಮ್ಮನ ನಿಂತಳು.
ಆಮ್ಯಾಲೆ ಅಂದಳು:
ನಿರ್ಣಾಯಕರೇ, ಏನೂ ಬದಲಾಗಿಲ್ಲ.

ನಮ್ಮವ್ವ ಖಣಿಗೆ ಮೊದಲು ಎಂಟಕ್ಕ ಹೋಗ್ತಿದ್ದಳು,
ಈಗ ನಸುಕಿನ ನಾಕಕ್ಕ, ಬ್ಯಾಟರಿ ಹಿಡಕೊಂಡು.
ಫರಶಿ ಅದೇ, ಬುಟ್ಟಿ ಅದೇ, ಪಗಾರ ಅದೇ.
ಏನು ಬದಲಾಗ್ಯದ?

ಕಾಗಿಣಾ ಮೊದಲೂ ಬರ್ತಿದ್ದಳು,
ಮೆಟ್ಟಿಲ ತನ ಬಂದು ತಿರುಗಿ ಹೋಗ್ತಿದ್ದಳು.
ಆ ವರ್ಷ ಒಳಗ ಬಂದಳು. ಎರಡು ದಿನ ಇದ್ದು
ಹೋಗೋವಾಗ ಬೀಗರಂಗ
ಹಾಸಿಗಿ, ಜೋಳದ ಚೀಲ,
ನನ್ನ ಏಳನೇ ಇಯತ್ತೆ ಪುಸ್ತಕ ಕಟಗೊಂಡು ಹೋದಳು.
ಹೊಳಿ ಅದೇ ಅದ. ಹೆಸರೂ ಅದೇ.

ತೊಗರಿ ಹೂವು ಮೊದಲೂ ಉದುರ್ತಿತ್ತು,
ಈಗ ಎಲ್ಲಾ ಉದುರ್ತದ.
ಉದುರೋದೇನು ಹೊಸದಲ್ಲ.

ಆಯಿ ಹೇಳ್ತಾಳ, ಮಿರಗ ಕೂಡಿದ ದಿನ
ಹೊಲದ ತುಂಬ ಕೆಂಪು ಹುಳ ಹರೀತಿದ್ದವಂತ,
ಅಂಗೈ ಮ್ಯಾಲಿಟ್ಟರ ಮಖಮಲ್ಲು.
ನಾ ಒಂದೂ ನೋಡಿಲ್ಲ.
ನೋಡದ್ದು ಇಲ್ಲದಂಗ ಆಗ್ಯದ ಅಂತ
ನಾ ಹ್ಯಾಂಗ ಹೇಳಲಿ?

ಯಾರೂ ನಗಲಿಲ್ಲ. ಟೀಚರ್ ಪೆನ್ನು ಕೆಳಗಿಟ್ಟರು.
ಗಡಿಯಾರದಾಗ ಮೂರು ದಾಟಿತ್ತು.
ಸರಳು ನನ್ನ ಕೈಯಾಗೇ ಇತ್ತು.

ಬಿಸಿಲಿಗೆ ಸತ್ತವರು ಮೊದಲೂ ಇದ್ದರು, ಅಂದಳು.
ನಮ್ಮ ಓಣಿ ಮಹಬೂಬಬೀ ಹೋದ ಮೇ ತಿಂಗಳು
ಕಟ್ಟಿ ಮ್ಯಾಲ ಕುಂತಾಕಿ ಏಳಲಿಲ್ಲ.
ದವಾಖಾನ್ಯಾಗ ‘ಹೃದಯ’ ಅಂತ ಬರಕೊಂಡರು.
ಬಿಸಿಲು ಅಂತ ಎಲ್ಲೂ ಬರದಿಲ್ಲ.
ಬರದಿಲ್ಲ ಅಂದ ಮ್ಯಾಲ
ಆಗಿಲ್ಲ.

ಅಷ್ಟೇ ಅಂದು ಕುಂತಳು.

ಸಾಹೇಬರಿಗೆ ಭಾಳ ಖುಷಿ. ಎದ್ದು ನಿಂತು ಚಪ್ಪಾಳಿ:
ಶಾಬಾಸ್! ಗಾಬರಿ ಹಬ್ಬಿಸೋ ಕಾಲದಾಗ
ಇಂಥ ಹುಡುಗಿ ಬೇಕು ನೋಡ್ರಿ!
ಮೊದಲ ಬಹುಮಾನ ವಿರೋಧಕ್ಕ,
ಸ್ಟೀಲಿನ ಥರ್ಮಾಸು, ಮ್ಯಾಲ ಕಂಪನಿ ಹೆಸರು.
ಟೀಚರ್ ಅಂಕಪಟ್ಟಿ ಮ್ಯಾಲ
ಸುಮ್ಮನ ಸಹಿ ಹಾಕಿದರು.

ಸಾಲಿ ಬಿಟ್ಟ ಮ್ಯಾಲ ಕಂಬದ ಹತ್ತಿರ ಬಂದಳು.
ಕಾಕಾ, ನನಗ ಗಂಟಿ ಯಾಕ ಹೊಡೀಲಿಲ್ಲ?
ಸರಳು ಕಾದಿತ್ತವ್ವ, ಅಂದೆ.
ಎಷ್ಟು ಮಿನಿಟಾತು?
ಏಳು.
ಮೂರು ನಂದು, ಅಂದಳು.
ಉಳಿದ ನಾಕು ಯಾರದು ಕಾಕಾ?

ನಾ ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡೆ.
ನಳದಾಗ ನೀರು ಬರ್ತಿತ್ತು, ಬಿಸಿ ನೀರು.
ಥರ್ಮಾಸು ತುಂಬಿಕೊಂಡು ಆಕಿ
ಖಣಿ ಹಾದಿ ಹಿಡಿದಳು,
ಅವ್ವ ತಿರುಗಿ ಬರೋ ಹೊತ್ತಾಗಿತ್ತು.