ಕಡಲೆ ಹುಳಿ

ಡಾಲ್ಬಿ ದಾಟಿ ಇಪ್ಪತ್ತು ಕಿಲೋಮೀಟರಿಗೆ
ಎರೆ ನೆಲ ಶುರುವಾಗುತ್ತದೆ.
ಬ್ರಿಸ್ಬೇನಿನಲ್ಲಿ ಇಳಿದ ದಿನ
ಬೂಟಿನ ಅಟ್ಟೆಗೆ ಬ್ರಶ್ಶು ಹಾಕಿ ಉಜ್ಜಿ ಉಜ್ಜಿ
ನವಲಗುಂದದ ಒಂದು ಕಣವನ್ನೂ ಒಳಗೆ ಬಿಡದ ಅಧಿಕಾರಿ
ಇಲ್ಲಿಗೆ ಬಂದು ನೋಡಬೇಕಿತ್ತು:
ಮೊದಲ ಮಳೆಗೇ ಅದೇ ಬೂಟು, ಅದೇ ಕಪ್ಪು,
ಹೆಜ್ಜೆಗೊಂದು ಸೇರು ಮಣ್ಣು.

ಕೆಲಸ ಇಷ್ಟೇ.
ಸಾಲುಗಳ ನಡುವೆ ಹಳದಿ ತಾಡಪಾಲು ಹಾಸುವುದು,
ಮೀಟರ್ ಕೋಲಿನಿಂದ ಕಡಲೆ ಗಿಡಗಳನ್ನು
ಹತ್ತು ಸಲ ಬಡಿಯುವುದು, ಸಿಟ್ಟಿಲ್ಲದೆ, ಎಣಿಸಿ.
ಉದುರಿದ್ದನ್ನು ಬರೆದುಕೊಳ್ಳುವುದು.
ಜೇಡ ಎರಡು. ಗುಲಗಂಜಿ ಹುಳ ಒಂದು.
ಕಾಯಿಕೊರಕ ಏಳು.
ಕತ್ತಿನ ಹಿಂದೆ ಬಿಳಿ ಕೂದಲಿದ್ದರೆ ನನ್ನದು,
ಕಪ್ಪಿದ್ದರೆ ಅದರ ಇಲ್ಲಿನ ದಾಯಾದಿ.
ಭೂತಗನ್ನಡಿ ಹಿಡಿದು ಮೂರು ವರ್ಷ
ಹುಳಗಳ ನರೆ ನೋಡಿದವಳು ನಾನು.
ಡಾರ್ಸಿ ಟೋಪಿ ತೆಗೆದು ತಲೆ ಬಗ್ಗಿಸುತ್ತಾನೆ,
ನನ್ನದು ಯಾವುದು ಹೇಳು ನೋಡೋಣ, ಅಂತ.
ಅವನ ಇಂಗ್ಲಿಷಿನ ಪದಕ್ಕೆ ನನ್ನ ಭಾಷೆಯಲ್ಲಿರುವುದು
ಜಾತಿ ಎಂಬ ಒಂದೇ ಪದ.
ಅದನ್ನು ಹೇಳದೆ ನಕ್ಕೆ.

ಪ್ರಯೋಗಶಾಲೆಯಲ್ಲಿ ಬಟ್ಟಲಿಗೊಂದೇ ಹುಳ.
ಎರಡಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದೇ, ತುಸು ದಪ್ಪಗೆ.
ಹದಿನೆಂಟು ತಲೆಮಾರು ಹೀಗೆ ಸಾಕಿದೆ.
ಚಿಟ್ಟೆಗಳ ಜೋಡಿ ಕೂಡಿಸಿದೆ, ಮೊಟ್ಟೆ ತೊಳೆದೆ,
ಸೋಯಾ ಹಿಟ್ಟು, ಅಗರ್, ಈಸ್ಟು ಕಲಸಿ
ದಿನಾ ಅಂಬಲಿ ಕಾಯಿಸಿದೆ.
ಆಗಸ್ಟಿನ ಒಂದು ಸೋಮವಾರ ನೋಡಿದರೆ
ಎಲ್ಲವೂ ಮುಚ್ಚಳಕ್ಕೆ ಹಿಂಗಾಲಿನಿಂದ ಜೋತು,
ತಲೆಕೆಳಗಾಗಿ, ಚರ್ಮದೊಳಗೆ ನೀರಾಗಿದ್ದವು.
ವೈರಸ್ಸು. ಪಕ್ಕದ ಕೋಣೆಯವರು ಅದನ್ನೇ ಬೆಳೆಸಿ
ಹೊಲಕ್ಕೆ ಔಷಧಿ ಮಾಡುತ್ತಿದ್ದರು.
(ಅವರ ಪಿಎಚ್‌ಡಿ ಚೆನ್ನಾಗಿ ನಡೆದಿದೆ.)
ಗೈಡ್ ಗ್ಲೆನಿಸ್ ಬಂದು ನೋಡಿ, ಕೈಗವಸು ಕಳಚಿ,
"ನಾಲ್ಕನೇ ಅಧ್ಯಾಯ ಮುಗಿಯಿತು" ಅಂದಳು.
ಬರೆದು ಮುಗಿಸಿದವರೂ ಹಾಗೇ ಅನ್ನುತ್ತಾರೆ.
ಆರುನೂರ ನಲವತ್ತು ಬಟ್ಟಲು ಆವಿಯಲ್ಲಿ ಬೇಯಿಸಿ ಎಸೆದೆ.
ಪೀಡೆ ಸತ್ತುದಕ್ಕೆ ಅಳಲು
ರಜೆ ಅರ್ಜಿಯಲ್ಲಿ ಕಾಲಮ್ಮಿಲ್ಲ.

ನಿದ್ದೆ ಬಾರದ ಒಂದು ನಸುಕಿನಲ್ಲಿ ಹೊಲಕ್ಕೆ ಹೋದೆ.
ಔಷಧಿ ಕಾಣದ ಮಡಿ, ಮೂರನೇ ಸಾಲು,
ಮೊಳಕಾಲಿನವರೆಗೆ ಇಬ್ಬನಿ.
ಸಲಕರಣೆ ಪೆಟ್ಟಿಗೆಯಲ್ಲಿ ತೆಳ್ಳನೆಯ ಅರಿವೆಯೊಂದಿತ್ತು.
ಯಾಕೆ ಎಳೆದೆನೋ ಅದನ್ನು ಗಿಡಗಳ ನೆತ್ತಿಯ ಮೇಲೆ,
ಚಿಗವ್ವ ಫಕ್ಕೀರವ್ವ ಹೀಗೇ ಎಳೆಯುತ್ತಿದ್ದಳು,
ಎಳ್ಳಮಾಸಿ ಹಿಂದುಮುಂದಿನ ಥಂಡಿಯಲ್ಲಿ,
ಅರ್ಧ ಹರಿದ ಧೋತರ. ಹಿಂಡಿ ಹಿಂಡಿ ಬಾಟಲಿಗೆ.
"ಹಿತ್ತಾಳಿ ಮುಟ್ಟಿಸಬ್ಯಾಡವಾ, ಹುಳಿ ತಿಂತೈತಿ."
ಓಣಿಯಲ್ಲಿ ಯಾರಿಗೆ ಹೊಟ್ಟೆನೋವೋ ಅವರಿಗೆ ಒಂದು ಚಮಚ.
ಕಾಯಿಯೊಳಗಿಂದ ಹುಳ ಜಗ್ಗಿ, ಒರೆಸಿಹಾಕುವ ಮುಂಚೆ
ಅಂಗೈಯಲ್ಲಿಟ್ಟುಕೊಂಡು ಕೇಳುತ್ತಿದ್ದಳು:
"ಇಷ್ಟು ಹುಳಿ ಹ್ಯಾಂಗ ತಿಂತೀಯೋ?
ಹಲ್ಲು ಜುಮ್ ಅನ್ನಂಗಿಲ್ಲೇನ ನಿನಗ?"

ನನ್ನ ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ
ಇದೇ ಪ್ರಶ್ನೆ ನಾಲ್ಕು ಪುಟ ಇತ್ತು.

ಹೊಸ ನಾಲ್ಕನೇ ಅಧ್ಯಾಯ: ರಸ ಸಂಗ್ರಹಿಸುವ ವಿಧಾನ.
ಅಂಚಿನಲ್ಲಿ ಗ್ಲೆನಿಸಳ ಕೆಂಪು ಶಾಯಿ: ಆಕರ ಯಾವುದು?
ಫಕ್ಕೀರವ್ವ, ಬಾಯಿಮಾತು, ಎಂದು ಬರೆದು ಕಳಿಸಿದೆ.
ಮತ್ತೆ ಕೆಂಪು: ಇಸವಿ? ಸಂಸ್ಥೆ?
ಇಸವಿ ಗೊತ್ತಿಲ್ಲ,
ನನ್ನ ಮುಂದಿನ ಹಲ್ಲೆರಡು ಬಿದ್ದಿದ್ದವು.
ಸಂಸ್ಥೆ ಅಂದರೆ, ಬದುವಿನ ಮೇಲೆ ಕೂತಿದ್ದಳು,
ಎಲೆಯಡಿಕೆ ಸಂಚಿ ಪಕ್ಕದಲ್ಲಿತ್ತು.

ಆ ನಸುಕಿನ ಒಂದು ಮಾತು ಮಾತ್ರ
ಯಾವ ಅಧ್ಯಾಯಕ್ಕೂ ಹೋಗಲಿಲ್ಲ.
ಪಿಎಚ್ ಮೀಟರು ಒಂದೂವರೆ ಎನ್ನುವ ಮೊದಲೇ
ಅರಿವೆಯ ತುದಿ ನಾಲಿಗೆಗೆ ಇಟ್ಟಿದ್ದೆ.
ದವಡೆಯತನಕ ಜುಮ್ಮೆಂದಿತು.
ಮುಂದಿನ ಗಿಡದಲ್ಲಿ ಬಿಳಿಗೂದಲಿನವನೊಬ್ಬ
ಕಾಯಿಗೆ ತಲೆ ತೂರಿಸಿ,
ನನಗೆ ಬೆನ್ನು ಹಾಕಿ,
ತಿನ್ನುತ್ತಲೇ ಇದ್ದ.