ಹಿಂದಿನ ಬಾಗಿಲ ಕೀಲಿಯ ಜೊತೆ

ಚಿಲಕ ಕಚ್ಚಿಕೊಳ್ಳುತ್ತದೆ, ತುಸು ಎತ್ತಿ ಎಳೆಯಿರಿ.
ಹೊರಗೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ.
ಬಾಲ್ಟಿಮೋರಿನ ಈ ಓಣಿಯಲ್ಲಿ ಇದಕ್ಕೇ ಹಿತ್ತಲು ಅನ್ನುತ್ತೇವೆ:
ಇಟ್ಟಿಗೆ ನೆಲ, ಕಸದ ಡಬ್ಬಿ, ತಂತಿಬೇಲಿ, ಗ್ಯಾಸ್ ಮೀಟರು.
ಈಗ ಮಾರ್ಚ್. ಏನೂ ಇಲ್ಲ ಅನಿಸುತ್ತದೆ ನಿಮಗೆ.
ಮೋಸಹೋಗಬೇಡಿ.

ಮೇ ತಿಂಗಳ ಎರಡನೆಯ ವಾರ, ಒಂದು ರಾತ್ರಿ ಮಳೆ ಬಿದ್ದ ಮೇಲೆ
ಆಡಿನ ಗೊರಸಿನ ಹಾಗೆ ಸೀಳಿದ ಎರಡೆರಡು ಎಲೆ
ಇಟ್ಟಿಗೆಯ ಸಂದಿಯಲ್ಲಿ, ಡಬ್ಬಿಯ ಅಡಿಯಲ್ಲಿ,
ನಾನು ಮಳೆಗೆ ಮರೆತುಬಿಟ್ಟ ಬೂಟಿನಲ್ಲಿ,
ನೂರಾರು.
ಬಿತ್ತಿದ್ದು ಒಂದೇ ಸಲ, ಹದಿನೇಳು ವರ್ಷದ ಕೆಳಗೆ,
ಒಂದು ಡಾಲರಿನ ಪೊಟ್ಟಣ, ಮೇಲೆ ಆಕಾಶನೀಲಿ ಹೂವಿನ ಚಿತ್ರ.
ಆಮೇಲಿನದೆಲ್ಲ ಅವುಗಳದೇ ಕಾರುಬಾರು.

ಕಿತ್ತುಹಾಕಬೇಕು. ಹತ್ತರಲ್ಲಿ ಒಂಬತ್ತು.
ಮೊದಲ ಸಲ ನನಗೂ ಕೈ ಬರಲಿಲ್ಲ,
ಎಲ್ಲವನ್ನೂ ಉಳಿಸಿದೆ; ಒಂದರ ಹೆಗಲ ಮೇಲೊಂದು ಹತ್ತಿ
ಆಗಸ್ಟಿಗೆ ನಿಂತದ್ದು ಹೂವಿಲ್ಲದ ಒಂದು ಹಸಿರು ಜಗಳ.
ಕಾಫಿ ಆರುವ ಮುಂಚೆ ಕಿತ್ತುಬಿಡಿ.
ಗೊಬ್ಬರವಂತೂ ಹಾಕಲೇಬೇಡಿ.
ಉಂಡು ತೇಗಿದ ಬಳ್ಳಿ ಎಲೆ ಬಿಡುತ್ತದೆ,
ಹೊಟ್ಟೆಗೆ ಸಾಲದ್ದು ಹೂ ಬಿಡುತ್ತದೆ. ಯಾಕೆಂದು ಗೊತ್ತಿಲ್ಲ,
ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು ನಾನು.

ಸುತ್ತುವುದು ಅಪ್ರದಕ್ಷಿಣೆ, ಗಡಿಯಾರಕ್ಕೆ ಬೆನ್ನು ಹಾಕಿ.
ನನ್ನ ಗಂಡ ಕ್ಲೈಡ್ ಒಮ್ಮೆ ಹಟಕ್ಕೆ ಬಿದ್ದು
ಒಂದು ಕುಡಿಯನ್ನು ಬಿಚ್ಚಿ, ತಿರುಗಾ ಸುತ್ತಿ, ದಾರ ಕಟ್ಟಿದ.
ಎರಡು ಬೆಳಗಾಗುವಷ್ಟರಲ್ಲಿ ಅದು ದಾರವನ್ನೇ ಕಂಬ ಮಾಡಿಕೊಂಡು
ತನ್ನ ದಿಕ್ಕಿಗೆ ಹೊರಟಿತ್ತು.
ಅವನು ನಕ್ಕದ್ದು ಬೇಲಿಯಾಚೆಗೂ ಕೇಳಿಸಿತಂತೆ.
ಆಚೆಯವಳು ಮಿಸೆಸ್ ಕೊವಾಲ್ಚಿಕ್. ದಾಟಿ ಬಂದದ್ದನ್ನು ಕತ್ತರಿಸುತ್ತಾಳೆ,
ಹೂವಿದ್ದರೆ ಮಧ್ಯಾಹ್ನದವರೆಗೆ ಕಾಯುತ್ತಾಳೆ.
ಒಳ್ಳೆಯವಳು.

ನೀಲಿಯ ವಿಷಯ ಹೇಳಬೇಕು.
ಮೊದಲ ವರ್ಷ ಪೊಟ್ಟಣದ ಮೇಲಿದ್ದ ನೀಲಿಯೇ. ಮರುವರ್ಷ ಅರ್ಧ.
ಆಮೇಲೆ ಎಲ್ಲಿಂದಲೋ ನೇರಳೆ, ಕಡುನೇರಳೆ,
ಗಂಟಲಲ್ಲಿ ಕೆಂಪು ನಕ್ಷತ್ರ,
ಅಂಗಡಿಯಲ್ಲಿ ಯಾರೂ ಕೇಳದ ಅಜ್ಜಿಯ ಕಾಲದ ಬಣ್ಣ.
ನಾನು ದುಡ್ಡು ಕೊಟ್ಟು ತಂದದ್ದನ್ನು ಅವು ಮರೆತವು.
ಕ್ಲೈಡ್ ಹೋದ ವರ್ಷ, ಸೆಪ್ಟೆಂಬರಿನಲ್ಲಿ, ಒಂದೇ ಒಂದು ನೀಲಿ
ಮೀಟರಿನ ಹಿಂದೆ. ನನ್ನ ಕಣ್ಣಿಗೆ ಬಿದ್ದದ್ದು ಹತ್ತೂವರೆಗೆ,
ಆಗಲೇ ಅಂಚು ಮುದುಡುತ್ತಿತ್ತು.
ತೊಟ್ಟಿಗೆ ದಾರ ಕಟ್ಟಿ ಗುರುತಿಟ್ಟೆ, ಬೀಜ ಒಣಗಿಸಿ ಬಿತ್ತಿದೆ.
ನೇರಳೆ.
ಅದಕ್ಕೆ ಅರ್ಥ ಹಚ್ಚಲು ಹೋಗಿ ಒಂದು ಚಳಿಗಾಲ ಹಾಳಾಯಿತು.

ಮನೆಯಲ್ಲಿ ಮಗುವಿದ್ದರೆ ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ವಿಷ.
ನಾನು ಹೋಗುವುದು ತಂಗಿಯ ಮನೆಗೆ, ಏಳನೆಯ ಮಹಡಿ.
ಬಾಲ್ಕನಿಯ ಕಂಬಿಗೆ ಏನೂ ಹಬ್ಬಿಸಬಾರದಂತೆ, ನಿಯಮ.

ಇನ್ನೊಂದು. ಮೀಟರು ಓದಲು ಬರುವವನು ಟೆರೆನ್ಸ್,
ತಿಂಗಳ ಮೂರನೆಯ ಮಂಗಳವಾರ.
ಜುಲೈ ಕಳೆದರೆ ಅವನಿಗೆ ಮೀಟರು ಕಾಣುವುದಿಲ್ಲ.
ನೀವು ಎಲೆ ಸರಿಸಿ ಹಿಡಿಯಬೇಕು,
ಅವನು ಬಗ್ಗಿ ಅಂಕಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾನೆ.
ಬೆಳಿಗ್ಗೆಯೇ ಬಾ ಎಂದು ಹೇಳಿಟ್ಟಿದ್ದೇನೆ,
ಹತ್ತರೊಳಗೆ.